ಮರಿಸಿದ್ದನ ಹೊಲಿದ ಹೊಟ್ಟೆ

ನಗೋರು ಬಾಯಿಗೆ ಕೈ ಅಡ್ಡ ಇಟ್ಕೊಂಡು ಕೇಳ್ರಪ್ಪ. ನೀವು ನಕ್ಕು, ನಿಮ್ಮನ್ನ ನೋಡಿ ಅವನೂ ನಕ್ಕುಬಿಟ್ರೆ ಹೊಲಿಗೆ ಬಿಡ್ತದೆ!

ಮುದ್ದೆ ಮೆಸ್ಸಿನ ಕೆಂಪದೇವಮ್ಮನಿಗೆ ಒಬ್ಬನೇ ಮಗ. ಹೆಸರು ಮರಿಸಿದ್ದ, ಆಳು ಮಾತ್ರ ಮರಿಯಲ್ಲ. ಮೈ ಬೆಳೀತು, ಬುದ್ಧಿ ಬೆಳೀಲಿಲ್ಲ. ಬೊಜ್ಜು ಹೆಚ್ಚಾಗಿ ನಾಲ್ಕು ಹೆಜ್ಜೆ ಹಾಕಿದ್ರೆ ಏದುಸಿರು, ಮಲಗಿದ್ರೆ ಉಸಿರೇ ಕಟ್ತಿತ್ತು. ಡಾಕ್ಟ್ರು ಹೊಟ್ಟೆ ಕೊಯ್ದು, ಚಿಕ್ಕದು ಮಾಡಿ, ಹೊಲಿದು ಕಳಿಸಿದ್ರು. "ನೋಡಮ್ಮ, ಹೊಲಿಗೆ ಇನ್ನೂ ಹಸಿ. ಸದ್ಯಕ್ಕೆ ಬರೀ ನೀರಿನಂಥ ಆಹಾರ. ಗಟ್ಟಿ ಪದಾರ್ಥ ಒಳಗೆ ಹೋದ್ರೆ ಜೀವಕ್ಕೇ ಅಪಾಯ" ಅಂದ್ರು.

ಮನೆಗೆ ಬಂದವಳೇ ಕೆಂಪದೇವಮ್ಮ ಹೇಳಿದಳು: "ಮಗಾ, ಅಗಿಯೋ ಪದಾರ್ಥ ಯಾವುದನ್ನೂ ಮುಟ್ಟಬೇಡ!"

"ಆಯ್ತು ಕನವ್ವ!"

ಅತ್ತ ತಿರುಗಿ ಇತ್ತ ನೋಡ್ತಾಳೆ, ಮಗ ಮುದ್ದೆ ಮುರಿದು, ಸಾರಲ್ಲಿ ಹೊರಳಿಸಿ, ಬಾಯಿ ಹತ್ರ ತಂದವ್ನೆ! ಓಡಿಬಂದು ಕೈ ಹಿಡಿದಳು.

"ಅಗೀಬೇಡ ಅಂದಿಲ್ವೇನೋ!"

"ಮುದ್ದೆ ಯಾರವ್ವ ಅಗೀತಾರೆ? ನುಂಗೋದಲ್ವಾ!"

"ಅಯ್ಯೋ ನನ್ನ ಹಣೆಬರಹವೇ! ನುಂಗೋದೂ ಬೇಡ. ಗಂಜಿ ತಿಳಿ ಕುಡಿ. ಅದೂ ಗಟಗಟ ಅಂತಲ್ಲ. ಒಂದು ಚಮಚ ಬಿಡು, ಸುಧಾರಿಸ್ಕೊ, ಆಮೇಲೆ ಇನ್ನೊಂದು ಬಿಡು!"

"ಆಯ್ತು ಕನವ್ವ!"

ಮಾರನೆ ದಿನ ಮೆಸ್ಸಿನ ಒಲೆಯಿಂದ ಕಿಡಿ ಹಾರಿ ಮಸಿಬಟ್ಟೆ ಹೊತ್ಕೊಂತು. "ನೀರು ಹಾಕೋ!" ಅಂತ ಅವ್ವ ಕೂಗಿದಳು. ಮರಿಸಿದ್ದ ಒಂದು ಚಮಚ ನೀರು ಬಿಟ್ಟ. ಕೂತ. ಸುಧಾರಿಸ್ಕೊಂಡ. ಇನ್ನೊಂದು ಚಮಚ ಬಿಡೋ ಹೊತ್ತಿಗೆ ಪಕ್ಕದ ಸೌದೆಗೂ ಬೆಂಕಿ! ಅವ್ವನೇ ಬಂದು ಆರಿಸಿದಳು.

"ಉರಿಯೋದಕ್ಕೆ ಚಮಚ ಏನೋ ದಡ್ಡ! ಚೊಂಬಿನ ತುಂಬ ಎತ್ತಿ ಒಂದೇ ಸಲಕ್ಕೆ ಸುರೀಬೇಕು!"

"ಆಯ್ತು ಕನವ್ವ!"

ಅವತ್ತೇ ಸೋದರಮಾವ ಚಿಕ್ಕಮಾದಪ್ಪ ಎಳನೀರು ಹಿಡ್ಕೊಂಡು ನೋಡಕ್ಕೆ ಬಂದ. ಮರುಗಿದ, ಕಣ್ಣು ಒರೆಸ್ಕೊಂಡ. "ಎಂಥಾ ಉಣ್ಣೋ ಹುಡುಗ, ತಿಳಿ ಕುಡ್ಕೊಂಡು ಕೂತವ್ನೆ. ನೋಡಿದ್ರೆ ನನ್ನ ಹೊಟ್ಟೆ ಉರೀತದೆ ಕನಕ್ಕ!"

"ಉರೀತದಾ?"

ಮರಿಸಿದ್ದ ಚೊಂಬು ಎತ್ತಿದ, ಮಾವನ ಹೊಟ್ಟೆ ಮೇಲೆ ಒಂದೇ ಸಲಕ್ಕೆ ಸುರಿದ.

"ಆರ್ತಾ ಮಾವ?"

ಮಾವ ಪಂಚೆ ಹಿಂಡ್ಕೊಂಡು, ಬೈಕೊಂಡು ಹೊರಟ. ಅವನನ್ನ ಸಮಾಧಾನ ಮಾಡಿ ಕಳಿಸಿ ಅವ್ವ ಒಳಗೆ ಬಂದ್ರೆ, ಮಗ ಎಳನೀರು ಕಾಯಿ ಸೀಳಿ ಒಳಗಿನ ಗಂಜಿ ಕೆರೆದು ಬಾಯಿಗೆ ಇಡ್ತಾ ಅವ್ನೆ!

"ಉಗಿಯೋ! ಉಗಿಯೋ!"

"ನೀನೇ ಗಂಜಿ ಅಂದಲ್ಲವ್ವ! ಇದೂ ಗಂಜೀನೇ!"

ಬೆನ್ನಿಗೆ ಒಂದು ಕೊಟ್ಟಳು. ಉಗಿಸಿದಳು. "ಇನ್ನು ಮೇಲೆ ಸೋಸದೆ ಏನನ್ನೂ ಹೊಟ್ಟೆಗೆ ಹಾಕ್ಕೋಬೇಡ! ಯಾರು ಕೊಟ್ರೂ ಸೋಸು, ನಾನೇ ಕೊಟ್ರೂ ಸೋಸು!"

"ಆಯ್ತು ಕನವ್ವ" ಅಂದ, ಮೆಲ್ಲಗೆ. ಬೆನ್ನು ಸವರ್ಕೊಂಡ.

ಅದನ್ನ ನೋಡಿ ಅವ್ವ ಕಟ್ಟೆ ಮೇಲೆ ಕುಸಿದು ಕೂತು ಅತ್ತಳು. "ನಿಮ್ಮಪ್ಪನೂ ಇಲ್ಲ, ನನಗಿರೋದು ನೀನೊಬ್ಬ. ಎಲ್ಲಿ ಕಳ್ಕೊಂಡುಬಿಡ್ತೀನೋ ಅಂತ ಭಯಕ್ಕೆ ಕೈ ಎತ್ತಿಬಿಟ್ಟೆ ಕನಪ್ಪ. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೋ ಮಗಾ!"

ಮರಿಸಿದ್ದ ಗಾಬರಿಯಾಗಿ ಅಡುಗೆಮನೆಗೆ ಓಡಿದ. ಗಂಜಿ ಸೋಸೋ ತೆಳ್ಳಗಿನ ಪಂಚೆ ತುಂಡೊಂದನ್ನ ತಂದು, ಬಾಯಿಗೆ ಅಡ್ಡ ಬಿಗಿಯಾಗಿ ಹಿಡಿದು, ಅವ್ವನ ಮುಂದೆ ಕೂತ.

"ಹಾಕವ್ವ! ಒಂದೊಂದೇ ಚಮಚ!"