ಐವತ್ತನೆಯ ಆಡಿನ ಒರತೆ

ಇಂದು ಬಸ್ಸಿನಿಂದಿಳಿದು ಅರ್ಧ ಗಂಟೆಯಲ್ಲಿ ಹತ್ತಿಬಿಡಬಹುದಾದ ಈ ಕಲ್ಮರಡಿ ಬೆಟ್ಟವು ಕುರುಚಲು ಕಾಡಿನಿಂದ ಆವೃತವಾಗಿದ್ದ, ಚರ್ಚಿನ ಗುರುಗಳು ವರ್ಷಕ್ಕೆರಡೇ ಬಾರಿ ಎತ್ತಿನ ಗಾಡಿಯಲ್ಲಿ ಬಂದು ರೊಟ್ಟಿ-ದ್ರಾಕ್ಷಾರಸದ ಬಲಿಪೂಜೆ ಅರ್ಪಿಸಿ ಹೋಗುತ್ತಿದ್ದ ಪುರಾತನ ಕಾಲದಲ್ಲಿ, ಇದರ ತಪ್ಪಲಿನ ಕ್ರೈಸ್ತರ ಕೇರಿಯಲ್ಲಿ ಮದಲೇನಮ್ಮನೆಂಬ ಭಕ್ತೆಯು ಐವತ್ತು ಆಡುಗಳನ್ನು ಮೇಯಿಸಿಕೊಂಡು ಗಂಡ, ಮಗ, ಮಗಳೊಡನೆ ಬಾಳುತ್ತಿದ್ದಳು.

ಒಂದು ವರ್ಷ ವಾಂತಿಭೇದಿಯ ಘೋರವ್ಯಾಧಿಯು ಕೇರಿಯನ್ನು ಹೊಕ್ಕು, ಒಂದೇ ವಾರದಲ್ಲಿ ಅವಳ ಗಂಡನನ್ನೂ ಮಗನನ್ನೂ ಕೊಂಡೊಯ್ದಿತು. ಮೃತರ ಕೈಗಳಿಗೆ, ಐವತ್ತು ಜಪಗಳನ್ನೆಣಿಸುವ ಮಣಿಗಳ ಜಪಸರ ಸುತ್ತಿ ಮಣ್ಣು ಮಾಡುವುದು ಇಲ್ಲಿಯ ಪದ್ಧತಿ. ಗಂಡನೊಡನೆ ಅವನ ಸರ ಹೋಯಿತು. ಮಗ ಚಿಕ್ಕವನು, ಸ್ವಂತದ್ದೊಂದು ಇರಲಿಲ್ಲವಾಗಿ, ತಾಯಿಯು ತನ್ನದನ್ನೇ ಅವನ ಬೆರಳುಗಳಿಗೆ ಸುತ್ತಿ ಕಳುಹಿಸಿದಳು. ಹೀಗೆ ಬರಿಗೈಯಾದ ಆ ಸಾಧ್ವಿಯು ಸಾಯಂಸಂಧ್ಯೆಯಲ್ಲಿ ಹಟ್ಟಿಯ ಬಾಗಿಲಲ್ಲಿ ನಿಂತು, ಒಳಹೋಗುವ ಒಂದೊಂದು ಆಡಿನ ಬೆನ್ನು ಮುಟ್ಟಿ ಒಂದೊಂದು ದೇವಮಾತೆಯ ಜಪವನ್ನೂ, ಹತ್ತು ಮುಗಿದಾಗ ಬಾಗಿಲ ಕಂಬ ಮುಟ್ಟಿ ತಂದೆಯಾದ ದೇವರಿಗೆ ಒಂದು ಪರಲೋಕ ಜಪವನ್ನೂ ಹೇಳತೊಡಗಿದಳು. ಐವತ್ತಕ್ಕೆ ಆಡೂ ಮುಗಿಯುತ್ತಿತ್ತು, ಜಪವೂ ಮುಗಿಯುತ್ತಿತ್ತು.

ಗುರುಗಳಿಲ್ಲದಾಗ ಪ್ರಾರ್ಥನೆ ನಡೆಸುತ್ತಿದ್ದ ಉಪದೇಶಿ ಚೌರಪ್ಪನವರು ಇದನ್ನು ಕಂಡು ದಿಗ್ಭ್ರಾಂತರಾದರು.

"ಏನಮ್ಮ ಇದು, ದೇವಮಾತೆಗೆ ಆಡಿನ ವಾಸನೆ ಹತ್ತಿಸ್ತಿದ್ದೀಯಲ್ಲ!"

"ಕೊಟ್ಟಿಗೇಲಿ ಹೆತ್ತ ತಾಯಿ ಅವರು, ಉಪದೇಶಿಯೋರೆ. ಅವರಿಗೇನು ಹೊಸದಾ?"

ಉಪದೇಶಿಗಳು ಹತ್ತಿರ ಬಂದು, "ಇಬ್ಬರನ್ನ ಕರಕೊಂಡುಬಿಟ್ಟರಲ್ಲಮ್ಮ. ದೇವರ ಮೇಲೆ ಕೋಪ ಬರಲ್ವಾ ನಿನಗೆ?" ಎಂದು ಮೆಲ್ಲಗೆ ಕೇಳಿದರು.

"ಬೇಕಾದಷ್ಟಿದೆ. ಆದರೆ ಮಾತು ಬಿಟ್ಟಿಲ್ಲ."

ಮುಂದಿನ ಶನಿವಾರ, ಉಳಿದೊಬ್ಬಳೇ ಮಗಳು ಪಿಲೋಮಿನಳೂ ಹಾಸಿಗೆ ಹಿಡಿದಳು. ಕೇರಿಗಿದ್ದದ್ದು ಕೆರೆಯ ನೀರೊಂದೇ. ಕುಡಿದರೆ ರೋಗ ಉಲ್ಬಣಿಸುತ್ತಿತ್ತು, ಕುಡಿಯದಿದ್ದರೆ ಮಗುವಿನ ನಾಲಿಗೆ ಒಣಗುತ್ತಿತ್ತು. ಆ ಸಂಜೆ ಹಟ್ಟಿಯ ಬಾಗಿಲಲ್ಲಿ ಎಣಿಕೆಯು ನಲವತ್ತೊಂಬತ್ತಕ್ಕೆ ನಿಂತಿತು. ದಿನಾಲೂ ಎಲ್ಲಕ್ಕಿಂತ ಹಿಂದೆ ಬರುವ, ಬೈಸಿಕೊಳ್ಳದೆ ಒಳಹೋಗದ ಒಂಟಿಕೊಂಬಿನ ಆಡು ಬಂದಿರಲಿಲ್ಲ. ಕೊನೆಯ ಜಪವು ಅವಳ ಬಾಯಲ್ಲೇ ಉಳಿಯಿತು.

"ಮಗಳು ಹೀಗೆ ಮಲಗಿರುವಾಗ ಆಡು ಹುಡುಕ್ಕೊಂಡು ಹೋಗ್ತೀಯಾ? ಬುದ್ಧಿ ನೆಟ್ಟಗಿದೆಯಾ?" ಎಂದು ಚೌರಪ್ಪನವರು ಗದರಿದರು.

"ಜಪ ಅರ್ಧಕ್ಕೆ ಬಿಟ್ಟರೆ ಇವತ್ತೇ ಮಾತು ಬಿಟ್ಟ ಹಾಗಾಗುತ್ತೆ. ನೀವು ಇವಳ ಪಕ್ಕ ಕೂತಿರಿ."

ಮಗಳು ಕಣ್ಣು ತೆರೆಯದೆಯೇ, "ಅವ್ವಾ, ಸಿಕ್ಕಿದ್ರೆ ಅದನ್ನ ಬೈಬೇಡ" ಎಂದಳು.

ಮುಳ್ಳುಪೊದೆಗಳಿಂದ ಗೀರಿಸಿಕೊಂಡು ಬೆಟ್ಟವೇರಿದ ಮದಲೇನಮ್ಮನಿಗೆ, ಹಿಂದೆಂದೂ ನೀರಿನ ಸುಳಿವಿಲ್ಲದ ಹೆಬ್ಬಂಡೆಯೊಂದರ ಬುಡದಲ್ಲಿ ಆ ಆಡು ಶಾಂತವಾಗಿ ನಿಂತಿರುವುದು ಕಾಣಿಸಿತು. ಅದರ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಬೈಯಲಿಲ್ಲ. ಬೆನ್ನು ಮುಟ್ಟಿ ಐವತ್ತನೆಯ ಜಪವನ್ನು ಹೇಳಿ ಮುಗಿಸಿದಳು. ಆಗ ಶಿಲಾಗರ್ಭದಿಂದ ದಿವ್ಯವಾಣಿಯೊಂದು ಕೇಳಿಸಿತು: "ಮಗಳೇ, ನಿನ್ನ ಎಣಿಕೆಗೆ ಸಿಗದವರು ನನ್ನ ಎಣಿಕೆಯಲ್ಲಿದ್ದಾರೆ. ಈ ನೀರನ್ನು ಕೊಂಡುಹೋಗಿ ಕುಡಿಸು."

ಸೋರೆಬುರುಡೆಯಲ್ಲಿ ತಂದ ಆ ನಿರ್ಮಲಜಲವನ್ನು ಗುಟುಕುಗುಟುಕಾಗಿ ಕುಡಿದ ಪಿಲೋಮಿನಳು ಮರುದಿನ ಬೆಳಿಗ್ಗೆ ಗಂಜಿ ಕೇಳಿದಳು. ಚೌರಪ್ಪನವರು ಸ್ವತಃ ಕೊಡ ಹೊತ್ತು ಮನೆಮನೆಗೂ ಒರತೆಯ ನೀರು ಹಂಚಿದರು. ವ್ಯಾಧಿಯು ಕೇರಿಯನ್ನು ಬಿಟ್ಟು ತೊಲಗಿತು. ಗಂಡನೂ ಮಗನೂ ಮರಳಲಿಲ್ಲ. ಮದಲೇನಮ್ಮನು ಆಮೇಲೂ ಎಷ್ಟೋ ಸಂಜೆ ಅಳುತ್ತಲೇ ಆಡುಗಳ ಬೆನ್ನು ಮುಟ್ಟುತ್ತಿದ್ದಳೆಂದು ಹಿರಿಯರು ಹೇಳುತ್ತಾರೆ.

ಆ ಒರತೆಯು ಇಂದಿಗೂ ಬೊಗಸೆಬೊಗಸೆಯಾಗಿ ಜಿನುಗುತ್ತಿದೆ. ಪ್ರತಿ ವರ್ಷ ಜಪಸರದ ಮಾಸವಾದ ಅಕ್ಟೋಬರದ ಮೊದಲ ಶನಿವಾರ, ಭಕ್ತರು ಒರತೆಯ ಮುಂದಿನ ಕಲ್ಲುಬಾಗಿಲನ್ನು ಒಬ್ಬೊಬ್ಬರಾಗಿ, ಮುಂದಿನವರ ಬೆನ್ನು ಮುಟ್ಟಿ ಜಪ ಹೇಳುತ್ತ ಪ್ರವೇಶಿಸುತ್ತಾರೆ. ನಲವತ್ತೊಂಬತ್ತನೆಯವರು ಒಳಹೋದೊಡನೆ ಸಾಲು ನಿಲ್ಲುತ್ತದೆ, ಎಲ್ಲರೂ ಬೆಟ್ಟದ ದಾರಿಯತ್ತ ತಿರುಗಿ ಕಾಯುತ್ತಾರೆ. ಏದುಸಿರು ಬಿಡುತ್ತ ತಡವಾಗಿ ಬಂದವರು ಯಾರೇ ಆಗಲಿ, ಅವರೇ ಐವತ್ತನೆಯವರು. ಅವರನ್ನು ಯಾರೂ ಬೈಯುವಂತಿಲ್ಲ. ಮೊದಲ ಬೊಗಸೆ ನೀರು ಅವರದೇ.