ನಿದ್ದೆಯಲ್ಲಿದ್ದ ಉಲ್ಲಂಕಿ

ಕಡಲಿಗೆ ದಡ ಕೊಟ್ಟ, ಹಕ್ಕಿಗೆ ದಾರಿ ತೋರಿದ ಪರಮಾತ್ಮನಿಗೆ ಮೊದಲು ಕೈ ಮುಗಿಯುತ್ತೇನೆ. ಮಕ್ಕಳೇ, ನೀವೂ ಮುಗಿಯಿರಿ. ಈಗ ಕಥೆ ಕೇಳಿ.

ಪಡುವಣ ಕಡಲಿನಲ್ಲಿ ಹಾಲಗಲ್ಲು ಎಂಬ ಪುಟ್ಟ ನಡುಗಡ್ಡೆ. ಅಲ್ಲಿ ಮನೆಮಾರು ಏನೂ ಇಲ್ಲ. ಬಂಡೆಯ ಬುಡದಲ್ಲಿ ಜಟ್ಟಿಗ ಸ್ವಾಮಿಯ ಗುಡಿ, ಅದಕ್ಕೊಂದು ಕಂಚಿನ ಗಂಟೆ, ಅಷ್ಟೆ. ದೋಣಿಯಿಂದ ಇಳಿದವರು ಯಾರೇ ಆಗಲಿ, ಗಂಟೆ ಬಾರಿಸಿ "ಬಂದೆ ಸ್ವಾಮೀ" ಎನ್ನಬೇಕು. ಮೀನುಗಾರರು ನಡೆಸಿಕೊಂಡು ಬಂದ ಪದ್ಧತಿ ಅದು.

ಚೈತ್ರ ಬಂತೆಂದರೆ ಅಲ್ಲಿನ ಮರಳಿನ ಮೇಲೆ ಉಲ್ಲಂಕಿ ಹಕ್ಕಿಗಳು ಇಳಿಯುತ್ತವೆ. ಅಂಗೈಯಷ್ಟು ಜೀವ. ಚಳಿಗಾಲವನ್ನು ನಮ್ಮ ಕಡೆ ಕಳೆದು, ದೂರದ ಹಿಮದ ನಾಡಿಗೆ ಹಿಂದಿರುಗುವಾಗ ಇಲ್ಲಿ ದಣಿವಾರಿಸಿಕೊಳ್ಳುತ್ತವೆ. ಅವನ್ನು ನೋಡಲೆಂದೇ ಸುಗುಣಾ ಟೀಚರ್ ಪ್ರತಿ ವರ್ಷ ಬರುತ್ತಿದ್ದರು.

ಹೋದ ವರ್ಷ ಬಲೆಯ ನೂಲಿಗೆ ರೆಕ್ಕೆ ಸಿಕ್ಕಿಸಿಕೊಂಡ ಉಲ್ಲಂಕಿಯೊಂದು ಅವರಿಗೆ ದಡದಲ್ಲಿ ಸಿಕ್ಕಿತ್ತು. ನೂಲು ಬಿಡಿಸಿ, ಆರೈಕೆ ಮಾಡಿ, ಪಕ್ಷಿ ಅಧ್ಯಯನದವರಿಂದ ಎಡಗಾಲಿಗೆ ಕೆಂಪು ಉಂಗುರ ತೊಡಿಸಿ, ಇದೇ ನಡುಗಡ್ಡೆಯಲ್ಲಿ ಹಾರಿಬಿಟ್ಟಿದ್ದರು. ಅದು ಬದುಕಿದೆಯೋ ಇಲ್ಲವೋ, ಅದೊಂದೇ ಚಿಂತೆ ಅವರಿಗೆ. ಮಂಡಿನೋವು ಬೇರೆ. ಇನ್ನು ದೋಣಿ ಹತ್ತಲೇಬೇಡಿ ಎಂದಿದ್ದರು ಡಾಕ್ಟರು. ಹಾಗಾಗಿ ಇದೇ ಕೊನೆಯ ಸಲ.

ದೋಣಿಯ ದುರ್ಗಯ್ಯ ಮೊಗೇರ ಅವರ ಕೈ ಹಿಡಿದು ಇಳಿಸಿದ. ಕಡಲು ಉಬ್ಬಿ, ಭರತದ ನೀರು ಮೇಲೆ ಬಂದಿತ್ತು. ಉಳಿದ ಮರಳಿನಲ್ಲಿ ಹಕ್ಕಿಗಳೆಲ್ಲ ಬೆನ್ನಿನ ಗರಿಯೊಳಗೆ ಕೊಕ್ಕು ಹುದುಗಿಸಿ ನಿದ್ದೆ ಹೋಗಿದ್ದವು. ಗುಡಿಯ ಹತ್ತಿರ ಒಂದು ಒಂಟಿಯಾಗಿತ್ತು. ಅದರ ರೆಕ್ಕೆ ತುಸು ಜೋತಿತ್ತು.

ಟೀಚರ್ ದುರ್ಬೀನು ಎತ್ತಿದರು. "ದುರ್ಗಯ್ಯ, ನಮ್ಮದೇ ಇರಬೇಕು ಮಾರಾಯ!"

ಆದರೆ ಹಕ್ಕಿ ಬಲಗಾಲಿನ ಮೇಲೆ ನಿಂತಿತ್ತು. ಎಡಗಾಲು ಹೊಟ್ಟೆಯ ಗರಿಯೊಳಗೆ. ಉಂಗುರ ಇದೆಯೋ ಇಲ್ಲವೋ ಕಾಣುವಂತಿರಲಿಲ್ಲ.

"ಅದಕ್ಕೆಂತ ಅಮ್ಮ? ಗಂಟೆ ಬಾರಿಸಿ. ಪದ್ಧತಿಯೂ ಆಯ್ತು, ಕಾಲೂ ಕಂಡಿತು," ಎಂದ ದುರ್ಗಯ್ಯ.

ಟೀಚರ್ ಗಂಟೆಯ ಹಗ್ಗ ಹಿಡಿದರು. ಹಿಡಿದವರು ಹಾಗೇ ನಿಂತರು. 'ಈ ಗಂಟೆ ಸ್ವಾಮಿಗೋ, ನನ್ನ ಆಸೆಗೋ?' ಮೆಲ್ಲಗೆ ಹಗ್ಗ ಬಿಟ್ಟರು.

ದುರ್ಗಯ್ಯ ಗಾಬರಿಯಾದ. "ಬಾರಿಸದಿದ್ರೆ ಸ್ವಾಮಿ ಸಿಟ್ಟಾಗ್ತಾನೆ! ನಾಳೆ ಬಲೆಗೆ ಬರೀ ಪಾಚಿ ಬಂದ್ರೆ ನಿಮ್ಮ ಮನೆಗೇ ತಂದು ಹಾಕ್ತೆ, ಕಾಣಿ."

"ತಾ, ಸಾರು ಮಾಡ್ತೇನೆ," ಎಂದು ಟೀಚರ್ ಪಿಸುಗುಟ್ಟಿದರು. "ಇದು ಇನ್ನೂ ಎಷ್ಟು ದೂರ ಹಾರಬೇಕು ಗೊತ್ತುಂಟಾ? ಬೆಚ್ಚಿಬಿದ್ದರೆ ಕೂಡಿಸಿಕೊಂಡ ಬಲವೆಲ್ಲ ಇಲ್ಲೇ ಮುಗಿದೀತು. ಸ್ವಾಮಿ ಮಲಗಿಸಿದ್ದನ್ನು ಸ್ವಾಮಿಯ ಗಂಟೆಯಿಂದಲೇ ಎಬ್ಬಿಸುವುದಾ?"

ಗುಡಿಯ ಮುಂದೆ ಹೂವಿಟ್ಟು, ತಮಗಷ್ಟೇ ಕೇಳುವಂತೆ "ಬಂದೆ ಸ್ವಾಮೀ" ಎಂದರು. ಆಮೇಲೆ ಇಬ್ಬರೂ ಬಂಡೆಗೊರಗಿ ಕಾದರು. ಹಕ್ಕಿ ಏಳಲಿಲ್ಲ. ಗಾಳಿ ಎದ್ದಿತು. ಹೊರಡದೆ ವಿಧಿಯಿರಲಿಲ್ಲ.

ದೋಣಿ ದಡ ಬಿಟ್ಟಾಗ ನೀರು ಇಳಿಯತೊಡಗಿತ್ತು. ಒದ್ದೆ ಮರಳು ಕಂಡದ್ದೇ ಹಕ್ಕಿಗಳು ಮೇಯಲೆಂದು ಒಂದೊಂದಾಗಿ ಎದ್ದವು. ಒಂಟಿ ಹಕ್ಕಿಯೂ ಮೈ ಕೊಡವಿ ಎಡಗಾಲು ಕೆಳಗಿಟ್ಟಿತು. ಟೀಚರ್ ದುರ್ಬೀನು ಹಿಡಿದು ನೋಡಿದರು.

ಉಂಗುರ ಇರಲಿಲ್ಲ.

"ಛೆ! ನಮ್ಮದಲ್ಲವಾ? ಇದಕ್ಕಾಗಿ ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತದ್ದಾ?" ಎಂದ ದುರ್ಗಯ್ಯ.

ಟೀಚರ್ ಕಣ್ಣೊರೆಸಿಕೊಂಡರು. ಮರುಗಳಿಗೆ ನಕ್ಕರು. "ಯಾಕೆ ಮಾರಾಯ, ನಮ್ಮದಲ್ಲದ ಹಕ್ಕಿಗೆ ನಿದ್ದೆ ಬೇಡವಾ? ನಮ್ಮದು ಎಲ್ಲಿ ಮಲಗಿದೆಯೋ! ಅಲ್ಲಿಯೂ ಯಾರೋ ಒಬ್ಬರು ಗಂಟೆ ಬಾರಿಸದೆ ಇರಲಿ."

ದುರ್ಗಯ್ಯ ಎಂಜಿನ್ನಿನ ಮೇಲಿಟ್ಟ ಕೈ ತೆಗೆದು, ಸದ್ದಾಗದಂತೆ ಹುಟ್ಟು ಹಾಕಿದ.

ನೀತಿ: ನಮ್ಮ ಆಸೆಗೆ ದೇವರ ಹೆಸರು ಹೇಳಬಾರದು. ನಮ್ಮದು ಎಂದು ತೋರುವ ಕರುಣೆಯನ್ನು ನಮ್ಮದಲ್ಲದ್ದಕ್ಕೂ ತೋರಿದರೆ ಅದೇ ಪೂಜೆ.

ಈ ಕಥೆ ಕೇಳಿದ ನಿಮಗೆಲ್ಲ ಭಗವಂತ ನೆಮ್ಮದಿಯ ನಿದ್ದೆ ಕೊಡಲಿ. ದೂರ ಹೋದ ನಿಮ್ಮವರಿಗೆ ದಾರಿಯಲ್ಲೊಂದು ತಂಗುದಾಣ ಸಿಗಲಿ. ಎಲ್ಲರಿಗೂ ಒಳ್ಳೆಯದಾಗಲಿ.