ಕುಟ್ರಹಕ್ಕಿಗಳ ಜೋಡಿಹಾಡು

ಆಲದ ಮರದಲ್ಲಿ ಸೇರುವ ಹಕ್ಕಿಗಳ ಸಭೆಯಲ್ಲಿ ಜೋಡಿಹಾಡು ಹಾಡಬೇಕೆಂದು ಕುಟ್ರಹಕ್ಕಿ ದಂಪತಿಗೆ ಕರೆ ಬಂತು. ಹೆಂಡತಿಗೆ ಹಿಗ್ಗೋ ಹಿಗ್ಗು. ಗೂಡು, ಮೊಟ್ಟೆ, ಮರಿಗಳ ಗಡಿಬಿಡಿಯಲ್ಲಿ ಅವಳು ಬಾಯಿತುಂಬ ಹಾಡಿ ಬಹಳ ಕಾಲವಾಗಿತ್ತು.

“ಬೆಳಗಿನ ಹಾಡು ಹಾಡೋಣ. ಅದರಲ್ಲಿ ನೀವೊಂದು ಸೊಲ್ಲು, ನಾನೊಂದು ಸೊಲ್ಲು,” ಎಂದಳು.

“ಅದು ತೀರಾ ಸಾಮಾನ್ಯ,” ಎಂದ ಗಂಡ.

“ಹಾಗಾದರೆ ಹಣ್ಣಿನ ಕಾಲದ ಹಾಡು?”

“ಅದರಲ್ಲಿ ನನ್ನ ಗಂಟಲು ಮೇಲೇರಲು ಎಡೆಯೇ ಇಲ್ಲ. ಮುಗಿಲಿನ ಹಾಡೇ ಸರಿ. ನಾನು ಹಾಡುತ್ತೇನೆ, ನೀನು ‘ಕುಟ್ರು, ಕುಟ್ರು’ ಎಂದು ಶ್ರುತಿ ಹಿಡಿ. ನೀನಿಲ್ಲದೆ ಆ ಹಾಡೇ ಇಲ್ಲ ಕಣೇ.”

ಆ ಕೊನೆಯ ಮಾತಿಗೆ ಸೋತು ಅವಳು ಒಪ್ಪಿದಳು. ದಿನವೂ ಅದೊಂದೇ ಸ್ವರ ಹಿಡಿದು ಗಂಟಲು ಒಣಗಿಸಿಕೊಂಡಳು.

ಸಭೆಯಲ್ಲಿ ಗಂಡ ಕಣ್ಣು ಮುಚ್ಚಿ ಹಾಡತೊಡಗಿದ. ಹಾಡಿನ ನಡುವೆ ಅವಳ ಕೊರಳು ಕಟ್ಟಿ ದನಿ ನಿಂತುಹೋಯಿತು. ಹಾಡು ಕೆಟ್ಟಿತಲ್ಲ ಎಂದು ಅವಳು ಹೆದರಿ ಸಭೆಯತ್ತ ನೋಡಿದಳು. ಆದರೆ ಒಂದು ಹಕ್ಕಿಯೂ ಅವಳತ್ತ ತಿರುಗಲಿಲ್ಲ. ಮತ್ತೆ ಹಾಡಲೆಂದು ಕೊಕ್ಕು ತೆರೆದವಳು ಹಾಗೇ ಮುಚ್ಚಿಕೊಂಡು ಕೊನೆಯವರೆಗೂ ಸುಮ್ಮನೆ ಕುಳಿತಳು.

ಸಭೆ ರೆಕ್ಕೆ ಬಡಿದು ಮೆಚ್ಚಿತು. ಮರಳುವ ದಾರಿಯಲ್ಲಿ ಗಂಡ ಅಕ್ಕರೆಯಿಂದ ಹೇಳಿದ: “ನಮ್ಮಿಬ್ಬರ ದನಿ ಇವತ್ತು ಬೆರೆತ ಹಾಗೆ ಎಂದೂ ಬೆರೆತಿರಲಿಲ್ಲ. ಮುಂದಿನ ಸಭೆಗೂ ಇದೇ ಹಾಡು ಇರಲಿ.”

“ಆಗಲಿ,” ಎಂದಳು ಅವಳು.